ಕುಗ್ಗಿಸಿದ ನಗು

"ಫೈಲ್ ತುಂಬಾ ದೊಡ್ಡದಾಗಿದೆ. ಇನ್ನೂರು ಕೆಬಿ ಮೀರದ ಫೋಟೋ ಹಾಕಿ."

ಪರದೆಯ ಮೇಲೆ ಕೆಂಪು ಅಕ್ಷರಗಳು ಮತ್ತೆ ಮೂಡಿದವು. ಸೂಜಿ ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಊರೆಲ್ಲ ಹುಡುಕಿದ ಬೀಗದ ಕೈ ಸೊಂಟದಲ್ಲೇ ಸಿಕ್ಕವರ ಹಾಗೆ ಕುರ್ಚಿಗೆ ಒರಗಿದರು.

"ನೋಡಿದ್ಯಾ? ಬಾಗಿಲಲ್ಲೇ ತಡೀತು."

"ಮೇಡಂ, ಅಂಗಡಿ ಬಾಗಿಲು ಹಾಕಿ ಓಡಿ ಬಂದಿದ್ದೀನಿ ನಾನು," ಎಂದಳು ಎದುರಿಗೆ ಕುಳಿತಿದ್ದವಳು. ಅವಳ ಕತ್ತಿನಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. "ಅಕ್ಕನ ವಿಷಯ, ಬೇಗ ಬಾ ಅಂದ್ರಿ. ನೋಡಿದ್ರೆ ನೀವು ನಿಮ್ಮ ಫೋಟೋ ಹಾಕ್ಕೊಳ್ತಾ ಕೂತಿದ್ದೀರಿ."

"ನಿಮ್ಮಕ್ಕನ ವಿಷಯಾನೇ ಇದು. ಕುರ್ಚಿ ಈ ಕಡೆ ಎಳ್ಕೊ."

ಅವಳು ಟೈಲರ್. ಅವಳ ಅಕ್ಕ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬ್ ಇಟ್ಟಿದ್ದಳು. ತಿಂಗಳ ಹಿಂದೆ ಒಂದು ಬೆಳಿಗ್ಗೆ ಲ್ಯಾಬಿಗೆಂದು ಮನೆ ಬಿಟ್ಟವಳು ಲ್ಯಾಬು ಸೇರಲಿಲ್ಲ. ಪೊಲೀಸರು ಹುಡುಕುತ್ತಿದ್ದಾರೆ ಎನ್ನುವಷ್ಟರಲ್ಲಿ, ಹೋದ ವಾರ, ಉದ್ಯೋಗದ ಜಾಲತಾಣವೊಂದರಲ್ಲಿ ಅಕ್ಕನ ಪ್ರೊಫೈಲಿನ ಫೋಟೋ ಬದಲಾಯಿತು. ಹೊಸ ಫೋಟೋದಲ್ಲಿ ಅಕ್ಕ ನಗುತ್ತಿದ್ದಳು.

ಅಷ್ಟು ಸಾಕಾಯಿತು. ಹೆಂಗಸು ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ತನ್ನಿಷ್ಟದಂತೆ ಹೋಗಿದ್ದಾಳೆ ಎಂದು ಠಾಣೆಯವರು ಕೈ ತೊಳೆದುಕೊಂಡರು. ಕನ್ನಡಕದ ಅಂಗಡಿ ಇಟ್ಟಿದ್ದ ಭಾವನೂ ಅದನ್ನೇ ಹೇಳಿದ. "ಫೋಟೋ ಹಾಕ್ಕೊಂಡು ನಗ್ತಿರೋಳನ್ನ ನಾವ್ಯಾಕೆ ಅತ್ಕೊಂಡು ಹುಡುಕಬೇಕು?"

ತಂಗಿ ಒಬ್ಬಳೇ ನಂಬಲಿಲ್ಲ. ಅವಳೂ ಅವಳ ಗಂಡನೂ ಬಸ್ ನಿಲ್ದಾಣದ ಕಂಬಗಳಿಗೆಲ್ಲ ಅಕ್ಕನ ಫೋಟೋ ಅಂಟಿಸಿದ್ದರು. ಗಂಡ ಲಿಫ್ಟ್ ರಿಪೇರಿಯವನು. ಅವನು ಕೂಡ ಈಚೆಗೆ "ಸ್ವಲ್ಪ ದಿನ ಸುಮ್ಮನಿರೋಣ" ಎನ್ನತೊಡಗಿದಾಗ ತಂಗಿ ಯಾರಿಗೂ ಹೇಳದೆ ಸೂಜಿ ಮೇಡಂ ಬಳಿ ಬಂದಿದ್ದಳು.

ಮೇಡಂ ಹಿಂದೆ ಪೊಲೀಸ್ ಇಲಾಖೆಯಲ್ಲಿ ಫೋಟೋ ವಿಭಾಗದಲ್ಲಿದ್ದವರು, ಈಗ ಖಾಸಗಿ ಪತ್ತೇದಾರಿ. ಸೂಜಿ ಎನ್ನುವ ಹೆಸರು ಅಲ್ಲಿಂದಲೇ ಅಂಟಿಕೊಂಡು ಬಂದದ್ದು. ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಾರೆ ಎಂದು ಕೆಲವರು, ಒಮ್ಮೆ ಚುಚ್ಚಿದರೆ ದಾರ ಎಳೆಯದೆ ಬಿಡುವುದಿಲ್ಲ ಎಂದು ಕೆಲವರು.

"ಫೋನಲ್ಲಿ ತೆಗೆದ ಫೋಟೋ ನಾಲ್ಕೈದು ಎಂಬಿ ಇರುತ್ತೆ," ಎಂದರು ಮೇಡಂ. "ಈ ತಾಣ ತಗೊಳ್ಳೋದು ಇನ್ನೂರು ಕೆಬಿ. ಅಂದ್ರೆ ಆನೇನ ಇಲಿ ಬಿಲದಲ್ಲಿ ನುಗ್ಗಿಸಬೇಕು. ನಿಮ್ಮಕ್ಕನ ಹೊಸ ಫೋಟೋ ಒಳಗೆ ಹೋಗಿದೆ ಅಂದ್ಮೇಲೆ ಯಾರೋ ಅದನ್ನ ಕುಗ್ಗಿಸಿದ್ದಾರೆ. ಇಲ್ಲಿವರೆಗೂ ನಾವು ಯಾರು ಹಾಕಿದ್ರು, ಯಾರು ಹಾಕಿದ್ರು ಅಂತ ತಲೆ ಕೆಡಿಸ್ಕೊಂಡ್ವಿ. ಹೇಗೆ ಕುಗ್ಗಿಸಿದ್ರು ಅಂತ ಕೇಳಲೇ ಇಲ್ಲ."

"ಹೇಗೆ ಕುಗ್ಗಿಸಿದ್ರೇನು? ಸಣ್ಣದಾದ್ರೆ ಆಯ್ತಲ್ಲ."

"ನಿಮ್ಮಕ್ಕ ಹಾಗೆ ಅಂತಿದ್ಲಾ?"

ಏನೋ ನೆನಪಾಗಿ ತಂಗಿಯ ತುಟಿ ಸ್ವಲ್ಪ ಸಡಿಲವಾಯಿತು.

"ಇಲ್ಲ. ನನ್ನ ಅಂಗಡಿಗೆ ಒಂದು ಪ್ರೊಫೈಲ್ ಮಾಡುವಾಗ ಅಕ್ಕನೇ ಕೂತು ಫೋಟೋ ಸಣ್ಣದು ಮಾಡಿಕೊಟ್ಲು. ನಾನು ಬೇಗ ಮಾಡೇ ಅಂದ್ರೆ ಬೈದ್ಲು. 'ನೀನು ರವಿಕೆ ಹೊಲಿಯುವಾಗ ಇಡೀ ಥಾನನ್ನೇ ಬಿಸಿನೀರಲ್ಲಿ ಹಾಕಿ ಕುಗ್ಗಿಸ್ತೀಯೇನೇ? ಮೊದಲು ಬೇಡದ ಬಟ್ಟೆ ಕತ್ತರಿಸು. ಆಮೇಲೆ ಅಳತೆಗೆ ತಾ. ಬಟ್ಟೆಯ ನೇಯ್ಗೆ ಮಾತ್ರ ಕೆಡಿಸಬೇಡ' ಅಂದ್ಲು."

"ಕತ್ತರಿಸಿದ ಮೇಲೆ?"

"ಮುಖ, ಭುಜ ಮಾತ್ರ ಉಳಿಸ್ಕೊಂಡ್ಲು. ಆಮೇಲೆ ಉದ್ದ ಅಗಲ ಇಳಿಸಿದ್ಲು. ಗುಣಮಟ್ಟ ಅಂತ ಒಂದು ಪಟ್ಟಿ ಇತ್ತು, ಅದನ್ನ ಒಂದು ಚೂರು ಮುಟ್ಟಿದ್ಲು ಅಷ್ಟೆ. ನನ್ನ ಕಿವಿಯ ಓಲೆ ಕೂಡ ಎಷ್ಟು ಸ್ಪಷ್ಟವಾಗಿ ಬಂದಿತ್ತು ಗೊತ್ತಾ? ಅವಳ ಕೆಲಸವೇ ಹಾಗಲ್ವಾ ಮೇಡಂ. ಡಾಕ್ಟರಿಗೆ ಹಲ್ಲಿನ ಫೋಟೋ ಕಳಿಸ್ಬೇಕು. ಬಣ್ಣ ಒಂದು ಎಳೆ ಆಚೆ ಈಚೆ ಆದ್ರೆ ಪೇಷಂಟಿನ ಬಾಯಲ್ಲಿ ಗೋಡೆಗೆ ತೇಪೆ ಹಾಕಿದ ಹಾಗೆ ಕಾಣುತ್ತಂತೆ."

ಮೇಡಂ ಪರದೆಯ ಮೇಲೆ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟರು. ಎಡಗಡೆ ಅಕ್ಕನ ಹಳೆಯ ಪ್ರೊಫೈಲ್ ಫೋಟೋ. ಬಲಗಡೆ ಹೊಸದು.

ಹಳೆಯದು ಅಂಗೈ ಅಗಲದ್ದು. ಕೂದಲ ಎಳೆ, ಕನ್ನಡಕದ ಕಡ್ಡಿ, ಹುಬ್ಬಿನ ಪಕ್ಕದ ಮಚ್ಚೆ, ಎಲ್ಲವೂ ಇದ್ದ ಹಾಗೇ ಇದ್ದವು. ಹೊಸದು ಪರದೆ ತುಂಬುವಷ್ಟು ದೊಡ್ಡದು, ಆದರೆ ಕೆನ್ನೆಯ ತುಂಬ ಚೌಕ ಚೌಕ. ನೆಲಕ್ಕೆ ಟೈಲ್ಸ್ ಹಾಸಿದಂತಿತ್ತು. ಕನ್ನಡಕದ ಗಾಜು ಬರೀ ಎರಡು ಬೂದು ತೇಪೆ.

"ಬಾಯಿ ನೋಡು," ಎಂದರು ಮೇಡಂ.

ತಂಗಿ ಮುಂದಕ್ಕೆ ಬಾಗಿದಳು. ನಗುತ್ತಿದ್ದ ಬಾಯಿಯಲ್ಲಿ ಹಲ್ಲುಗಳಿರಲಿಲ್ಲ. ಬಿಳಿಯ ಪಟ್ಟಿಯೊಂದಿತ್ತು. ಹಲ್ಲಿಗೂ ಹಲ್ಲಿಗೂ ನಡುವೆ ಗೆರೆಯೇ ಇಲ್ಲ.

"ಜೀವನ ಪೂರ್ತಿ ಹಲ್ಲಿನ ಗೆರೆ ಕೊರೆದವಳು," ಎಂದಳು ತಂಗಿ ಮೆಲ್ಲಗೆ. "ತನ್ನ ಬಾಯಿಗೆ ಸುಣ್ಣ ಬಳಿದ ಫೋಟೋ ಊರಿಗೆಲ್ಲ ತೋರಿಸ್ತಾಳಾ? ಸತ್ರೂ ಇಲ್ಲ."

ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ಟೇಪನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದಳು. ಮೇಡಂ ನೀರಿನ ಲೋಟ ಅವಳತ್ತ ಸರಿಸಿ, ಅವಳು ಕುಡಿಯುವ ತನಕ ಕಾದರು.

"ಲ್ಯಾಬಿನ ಪಾಲುದಾರ ಮಾಡಿರಬಹುದಾ?" ತಂಗಿಯೇ ಕೇಳಿದಳು. "ಅಕ್ಕ ಹೋದ ಹಿಂದಿನ ವಾರ ಇಬ್ಬರಿಗೂ ಜಗಳ ಆಗಿತ್ತು. ಅಕ್ಕನ ಪಾಸ್‌ವರ್ಡ್ ಅವನಿಗೂ ಗೊತ್ತಿರಬಹುದು."

"ನಾನೂ ಮೊದಲು ಅವನನ್ನೇ ಹಿಡಿದಿದ್ದೆ. ನಿನ್ನೆ ಅವನ ಹತ್ರ ಹೋಗಿ, ಲ್ಯಾಬಿನ ನಾಲ್ಕು ಫೋಟೋ ಕಳಿಸಪ್ಪಾ ಅಂದೆ. ಕಳಿಸಿದ. ಒಂದೊಂದೂ ಮುತ್ತು ಪೋಣಿಸಿದ ಹಾಗಿದೆ. ಅವನದ್ದೂ ನಿಮ್ಮಕ್ಕನದ್ದೂ ಒಂದೇ ಪಾಠ. ಮೊದಲು ಕತ್ತರಿ, ಆಮೇಲೆ ಅಳತೆ. ಅವನ ಕೈಗೆ ಈ ಫೋಟೋ ಸಿಕ್ಕಿದ್ರೆ ಬೇರೆ ಏನು ಕೆಟ್ಟರೂ ಹಲ್ಲು ಮಾತ್ರ ಕೆಡ್ತಿರಲಿಲ್ಲ."

"ಮತ್ತೆ ಯಾರು?"

ಮೇಡಂ ಮೌಸ್ ಒತ್ತಿದರು. ಪರದೆಯ ಮೇಲೆ ಕನ್ನಡಕದ ಫ್ರೇಮುಗಳು ಸಾಲಾಗಿ ಬಂದವು. ಒಂದು ಅಂಗಡಿಯ ಪುಟ. ಕಪ್ಪು ಫ್ರೇಮು, ಕಂದು ಫ್ರೇಮು, ಮಕ್ಕಳ ಫ್ರೇಮು. ಎಲ್ಲವೂ ಪರದೆ ತುಂಬುವಷ್ಟು ದೊಡ್ಡವು. ಎಲ್ಲದರ ಅಂಚಿನಲ್ಲೂ ಅದೇ ಚೌಕ ಚೌಕ. ತೆಳ್ಳಗಿನ ಕಡ್ಡಿಗಳು ಮುರಿದ ಮೆಟ್ಟಿಲಿನ ಹಾಗೆ ಕಾಣುತ್ತಿದ್ದವು.

ತಂಗಿಗೆ ಆ ಅಂಗಡಿಯ ಬೋರ್ಡು ಓದುವ ಅಗತ್ಯವಿರಲಿಲ್ಲ.

"ಭಾವ," ಎಂದಳು.

"ಅವರ ಅಂಗಡೀಲಿ ಕಂಪ್ಯೂಟರ್ ಯಾರು ನೋಡ್ಕೊಳ್ತಾರೆ?"

"ಭಾವ ಒಬ್ಬರೇ. ಮೊದಲು ಎಲ್ಲ ಜೋಡಿಸಿಕೊಟ್ಟಿದ್ದು ಅಕ್ಕ."

"ಸರಿ. ಟೇಪು ತೆಗೆದು ಬ್ಯಾಗಿಗೆ ಹಾಕ್ಕೊ. ಅಲ್ಲಿ ನೀನು ಬಾಯಿ ಬಿಡಬಾರದು. ನಾನು ಏನು ಹೇಳಿದ್ರೂ ಹೂಂ ಅನ್ನು. ನಿನ್ನ ಮುಖದಲ್ಲಿ ಎಲ್ಲ ಬರೆದ ಹಾಗೆ ಕಾಣುತ್ತೆ, ಅದಕ್ಕೇ ಆದಷ್ಟು ಫ್ರೇಮುಗಳ ಕಡೆ ನೋಡ್ತಿರು."

*

ಕನ್ನಡಕದ ಅಂಗಡಿ ಮಧ್ಯಾಹ್ನದ ಹೊತ್ತಿಗೆ ಖಾಲಿಯಿತ್ತು. ಗೋಡೆ ತುಂಬ ಕನ್ನಡಿ, ಕನ್ನಡಿ ತುಂಬ ಫ್ರೇಮು. ಒಳಗೆ ಕಾಲಿಟ್ಟವರಿಗೆ ತಮ್ಮ ಮುಖವೇ ಹತ್ತು ಕಡೆಯಿಂದ ಎದುರಾಗುತ್ತಿತ್ತು. ಹಿಂದುಗಡೆ ಕಣ್ಣು ಪರೀಕ್ಷೆಯ ಪುಟ್ಟ ಕೋಣೆ. ಗಲ್ಲಾದ ಪಕ್ಕ ಕಂಪ್ಯೂಟರ್. ಅದರ ಮುಂದೆ ಭಾವ, ಮೃದು ಬಟ್ಟೆಯಿಂದ ಮಸೂರವೊಂದನ್ನು ಒರೆಸುತ್ತ ಕುಳಿತಿದ್ದ.

"ಬಾಮ್ಮ," ಎಂದ ತಂಗಿಗೆ. ಮೇಡಂ ಕಡೆ ನೋಡಿ ಅವನ ಮುಖ ಗಂಭೀರವಾಯಿತು. "ನಿಮ್ಮನ್ನ ಒಂದ್ಸಲ ನೋಡಿದ್ದೀನಿ. ಇನ್ನೂ ಏನು ಉಳಿದಿದೆ ಮೇಡಂ ಕೇಳೋಕೆ?"

"ಏನೂ ಉಳಿದಿಲ್ಲ," ಎಂದರು ಮೇಡಂ, ಸ್ಟೂಲಿನ ಮೇಲೆ ಕೂರುತ್ತ. "ನೀವು ಮೊದಲೇ ಹೇಳಿದ್ದೇ ಸರಿ. ತಾನಾಗಿ ಹೋದವರನ್ನ ಹುಡುಕೋದು ಗಾಳಿಗೆ ಗುದ್ದಿ ಕೈ ನೋಯಿಸ್ಕೊಂಡ ಹಾಗೆ. ನಾನು ಈ ಕೇಸು ಬಿಟ್ಟೆ. ಅಲ್ವೇನಮ್ಮ?"

ತಂಗಿ ಒಂದು ಕೆಂಪು ಫ್ರೇಮನ್ನು ನೋಡುತ್ತ "ಹೂಂ" ಎಂದಳು.

ಭಾವನ ಭುಜ ಇಳಿಯಿತು. "ಒಳ್ಳೇದು ಮಾಡಿದ್ರಿ. ನನಗೂ ಸಂಕಟ ಇಲ್ವಾ? ಕಟ್ಕೊಂಡ ಹೆಂಡತಿ. ಆದ್ರೆ ಎಷ್ಟು ದಿನ ಅಂತ..."

"ನಿಜ, ನಿಜ. ಅಂದ ಹಾಗೆ ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಿತ್ತು." ಮೇಡಂ ನಾಚಿಕೊಂಡವರ ಹಾಗೆ ಫೋನು ತೆಗೆದರು. "ಈ ಕೇಸಿನಿಂದ ನನಗೂ ಆ ತಾಣದಲ್ಲಿ ಒಂದು ಪ್ರೊಫೈಲ್ ಮಾಡ್ಕೋಬೇಕು ಅನ್ನಿಸಿದೆ. ನಾಲ್ಕು ಜನ ಗಿರಾಕಿ ಸಿಕ್ಕಾರು ಅಂತ. ಆದ್ರೆ ನನ್ನ ಫೋಟೋ ಹಾಕಿದ್ರೆ ದೊಡ್ಡದು ದೊಡ್ಡದು ಅಂತ ಬೈದು ವಾಪಸ್ ಕಳಿಸ್ತಿದೆ. ಮುಖ ದಪ್ಪ ಅಂತಾನೋ, ಫೈಲ್ ದಪ್ಪ ಅಂತಾನೋ ಒಂದೂ ತಿಳೀತಿಲ್ಲ."

ಭಾವ ನಕ್ಕ. ಬಹಳ ದಿನದ ಮೇಲೆ ಭಾರ ಇಳಿಸಿದವನ ನಗು ಅದು.

"ಅಷ್ಟೇ ತಾನೇ? ಕೊಡಿ ಇಲ್ಲಿ. ಎರಡು ನಿಮಿಷದ ಕೆಲಸ."

ಕಂಪ್ಯೂಟರಿಗೆ ಫೋಟೋ ಇಳಿಸಿಕೊಂಡ. ಫೋಟೋ ಸಣ್ಣದು ಮಾಡುವ ಪುಟವೊಂದನ್ನು ತೆರೆದ. ಹುಡುಕಲಿಲ್ಲ, ಮೊದಲ ಅಕ್ಷರ ಒತ್ತುತ್ತಲೇ ಪುಟದ ವಿಳಾಸ ತಾನಾಗಿ ಬಂತು. ಫೋಟೋ ಎಳೆದು ಅದರೊಳಗೆ ಬಿಟ್ಟ. ಪರದೆಯ ಮೇಲೆ ಎರಡು ಪಟ್ಟಿಗಳು ಬಂದವು. ಒಂದು ಉದ್ದಗಲದ್ದು, ಇನ್ನೊಂದು ಗುಣಮಟ್ಟದ್ದು.

ಉದ್ದಗಲದ ಪಟ್ಟಿಯ ಕಡೆ ಅವನು ನೋಡಲೂ ಇಲ್ಲ. ಗುಣಮಟ್ಟದ ಗುಂಡಿಯನ್ನು ಹಿಡಿದು ಎಡತುದಿಗೆ ಸರ್ರನೆ ಎಳೆದ.

"ನೋಡಿ. ಐದು ಎಂಬಿ ಇದ್ದದ್ದು ನೂರೆಂಬತ್ತು ಕೆಬಿ."

"ಅಯ್ಯೋ, ಮುಖ ಗಾರೆ ನೆಲ ಆಯ್ತಲ್ಲ!"

"ಅಷ್ಟು ಯಾರು ನೋಡ್ತಾರೆ ಮೇಡಂ? ಒಳಗೆ ಹೋದ್ರೆ ಸಾಕು."

ಭಾವ ಉಳಿಸುವ ಗುಂಡಿ ಒತ್ತಿದ. ಎಲ್ಲಿ ಉಳಿಸಬೇಕೆಂದು ಕೇಳುತ್ತ ಪುಟ್ಟ ಕಿಟಕಿಯೊಂದು ತೆರೆದುಕೊಂಡಿತು. ಅದರಲ್ಲಿ ಹಿಂದೆ ಉಳಿಸಿದ ಚಿತ್ರಗಳೆಲ್ಲ ಚಿಕ್ಕದಾಗಿ ಸಾಲಾಗಿ ಕಂಡವು. ಕಪ್ಪು ಫ್ರೇಮು, ಕಂದು ಫ್ರೇಮು, ಮಕ್ಕಳ ಫ್ರೇಮು. ಅವುಗಳ ಮಧ್ಯೆ ಒಂದು ಹೆಂಗಸಿನ ಮುಖ. ಅದರ ಪಕ್ಕದಲ್ಲೇ ಅದೇ ಹೆಂಗಸು, ಈ ಸಲ ಮಡಿಲಿನವರೆಗೂ, ಹಿಂದಿನ ಗೋಡೆಯೂ ಕಾಣುವ ಹಾಗೆ.

"ಅದ್ಯಾರು, ಫ್ರೇಮಿನ ಪಕ್ಕ?" ಮೇಡಂ ದನಿ ಬದಲಾಗಲಿಲ್ಲ.

ಭಾವನ ಕೈ ಮೌಸಿನ ಮೇಲೆ ನೆಗೆಯಿತು. ಕಿಟಕಿ ಮುಚ್ಚಿಕೊಂಡಿತು.

"ಯಾರೋ ಗಿರಾಕಿ. ಫ್ರೇಮ್ ಹಾಕ್ಕೊಂಡು ತೆಗೆಸ್ಕೊಂಡಿದ್ದು."

"ನಿಮ್ಮ ಹೆಂಡತಿ ಅಂತ ನಾನೇನೂ ಹೇಳಲಿಲ್ಲವಲ್ಲ. ಮತ್ತೆ ಯಾಕೆ ಮುಚ್ಚಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವನ ಇನ್ನೊಂದು ಕೈ ತನ್ನ ಅಂಗಿಯ ಕಾಲರಿಗೆ ಹೋಯಿತು. ಅಷ್ಟರಲ್ಲಿ ತಂಗಿ ಗಲ್ಲಾ ಸುತ್ತಿ ಒಳಗೆ ಬಂದಾಗಿತ್ತು.

"ತೆಗೀರಿ ಭಾವ."

"ಏಯ್, ನೀನು ಹೊರಗೆ ನಿಂತ್ಕೊ..."

"ನಾನು ನಿಮ್ಮ ಮನೇಲಿ ಊಟ ಮಾಡಿ ಬೆಳೆದೋಳು. ನಿಮ್ಮನ್ನ ಒಂದು ದಿನ ಏಕವಚನದಲ್ಲಿ ಕರೆದಿಲ್ಲ. ಈಗ ಕರೆಸ್ಕೋಬೇಡಿ. ತೆಗೀರಿ."

ಭಾವ ತೆಗೆಯಲಿಲ್ಲ. ತಡೆಯಲೂ ಇಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡು ಬೆರಳಿನಿಂದ ಮೂಗಿನ ಮೇಲುಗಡೆ ಒತ್ತಿಕೊಂಡ.

"ಹಾಕಿದ್ದು ನಾನೇ," ಎಂದ. "ಅವಳ ಅಕೌಂಟು ಈ ಕಂಪ್ಯೂಟರಲ್ಲಿ ತೆರೆದೇ ಇರುತ್ತೆ. ತಪ್ಪೇನಿದೆ? ಅವಳೇ ಕಳಿಸಿದ ಫೋಟೋ ಅದು."

ತಂಗಿ ಅವನತ್ತ ಬಾಗಿದಳು. "ಅಕ್ಕ ಕಳಿಸಿದ್ಲಾ? ನಿಮಗೆ?"

"ಮೆಸೇಜಲ್ಲಿ ಕಳಿಸಿದ್ಲು. ನಾನು ಕ್ಷೇಮ, ಇದನ್ನ ಪ್ರೊಫೈಲಿಗೆ ಹಾಕಿ, ಪೊಲೀಸರು ಹುಡುಕೋದು ನಿಲ್ಲಿಸಲಿ ಅಂತ. ಯಾರಿಗೂ ಹೇಳಬೇಡಿ ಅಂದಿದ್ಲು. ಅವಳ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಕೊಂಡೆ. ಅದಕ್ಕೆ ನನ್ನನ್ನ ಕಳ್ಳನ ಹಾಗೆ ನೋಡ್ತೀರಿ."

ಅವನ ಕಣ್ಣು ಒದ್ದೆಯಾಗಿತ್ತು. ಒಂದು ಕ್ಷಣ ತಂಗಿಗೆ ಅವನ ಮೇಲೆ ಕನಿಕರ ಹುಟ್ಟಿತು. ಅಕ್ಕ ಬದುಕಿದ್ದಾಳೆ ಎನ್ನುವ ಒಂದೇ ಮಾತು ಅವಳಿಗೆ ಸಾಕಾಗಿತ್ತು.

ಮೇಡಂ ಮಾತ್ರ ಪರದೆಯ ಮೇಲಿಂದ ಕಣ್ಣು ತೆಗೆದಿರಲಿಲ್ಲ. ತಾವೇ ಮೌಸ್ ಹಿಡಿದು ಆ ದೊಡ್ಡ ಚಿತ್ರವನ್ನು ಹುಡುಕಿ, ತೆರೆಯುವ ಮುನ್ನ ಅದರ ವಿವರ ನೋಡಿದರು.

"ಮೆಸೇಜಲ್ಲಿ ಬಂತು ಅಂದ್ರಾ?"

"ಹೌದು."

"ಮೆಸೇಜಲ್ಲಿ ಬರೋ ಫೋಟೋ ದಾರಿಯಲ್ಲೇ ಬಡಕಲಾಗುತ್ತೆ ಸ್ವಾಮಿ. ಬಂದು ಮುಟ್ಟುವ ಹೊತ್ತಿಗೆ ಮೂಳೆ ಚರ್ಮ ಮಾತ್ರ ಇರುತ್ತೆ. ಇದು ನಾಲ್ಕೂವರೆ ಎಂಬಿ ಇದೆ. ಕ್ಯಾಮೆರಾದ ಹೊಟ್ಟೆಯಿಂದ ಈಗಷ್ಟೇ ಇಳಿದ ಹಾಗೆ. ಯಾರೂ ಕಳಿಸಿದ್ದಲ್ಲ ಇದು."

ಭಾವ ಏನೋ ಹೇಳಲು ಹೋದ. ಮೇಡಂ ಕೈಯೆತ್ತಿದರು.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಅವರ ಫೋನಲ್ಲಿ ತೆಗೆದ ಫೋಟೋಗಳು ತಾವಾಗೇ ಅವರ ಫೋಟೋ ಅಕೌಂಟಿಗೆ ಹೋಗಿ ಕೂರುತ್ವೆ. ಆ ಅಕೌಂಟೂ ಇಲ್ಲಿ ತೆರೆದಿದೆ. ಅವರು ಫೋನು ಆರಿಸಿಟ್ಟಿದ್ರು. ಒಂದೇ ಒಂದು ಸಲ ಹಚ್ಚಿದ್ದಾರೆ, ಈ ಫೋಟೋ ತೆಗೆಯೋಕೆ. ಅದು ಸೀದಾ ನಿಮ್ಮ ಮೇಜಿನ ಮೇಲೆ ಬಂದು ಬಿತ್ತು. ಕೇಳದೇ ಬಂದದ್ದನ್ನ ಕೊಟ್ಟಿದ್ದು ಅಂತ ಹೇಳ್ತಿದ್ದೀರಿ."

ಭಾವನ ಕಣ್ಣಿನ ಒದ್ದೆ ಆಗಲೇ ಆರಿತ್ತು.

"ಈಗ ನೋಡೋಣ, ಇದರಲ್ಲಿ ಕೆಡಿಸಿ ಮರೆಸುವಂಥದ್ದು ಏನಿತ್ತು ಅಂತ."

ಮೇಡಂ ಫೋಟೋ ತೆರೆದರು.

ಹಗಲ ಬೆಳಕಿನಲ್ಲಿ, ಬರಿಯ ಗೋಡೆಯ ಮುಂದೆ, ಕುರ್ಚಿಯೊಂದರ ಮೇಲೆ ಅಕ್ಕ. ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಎಡಗಣ್ಣಿನ ಕೆಳಗೆ ನೀಲಿ ಹಳದಿಗೆ ತಿರುಗಿದ್ದ ಪೆಟ್ಟು. ಪ್ರೊಫೈಲಿನಲ್ಲಿ ಅದು ಕನ್ನಡಕದ ನೆರಳಿನಂತೆ ಕಂಡಿತ್ತು. ಕೆಳತುಟಿಯಲ್ಲಿ ಒಣಗಿದ ಸೀಳು. ಮುಂದಿನ ಹಲ್ಲೊಂದರ ತುದಿ ಓರೆಯಾಗಿ ಮುರಿದಿತ್ತು.

"ಅಕ್ಕ ನಗ್ತಿಲ್ಲ," ಎಂದಳು ತಂಗಿ. ಅವಳ ದನಿ ಅವಳದೇ ಅನ್ನಿಸಲಿಲ್ಲ. "ಹಲ್ಲು ತೋರಿಸ್ತಿದ್ದಾಳೆ."

ಹೌದು. ತುಟಿಯನ್ನು ಬೇಕೆಂದೇ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಹಲ್ಲಿನ ಡಾಕ್ಟರಿಗೆ ಪೇಷಂಟು ತೋರಿಸುವ ಹಾಗೆ. ಅದು ಸಾಕ್ಷಿಗೆಂದು ತೆಗೆಸಿಕೊಂಡ ಫೋಟೋ. ಸಾಕ್ಷಿಯನ್ನೇ ಹಿಚುಕಿ, ಮುರಿದ ಹಲ್ಲನ್ನು ಬಿಳಿಯ ಪಟ್ಟಿಯಲ್ಲಿ ಮುಳುಗಿಸಿ, ಊರಿಗೆಲ್ಲ ನಗು ಎಂದು ತೋರಿಸಲಾಗಿತ್ತು.

"ಫ್ರೇಮುಗಳ ಫೋಟೋ ನೀವು ಕೆಡಿಸೋದು ಗೊತ್ತಿಲ್ಲದೆ," ಎಂದರು ಮೇಡಂ. "ಇದನ್ನ ಗೊತ್ತಿದ್ದೇ ಕೆಡಿಸಿದ್ರಿ."

"ಅವಳು ಬಚ್ಚಲಲ್ಲಿ ಜಾರಿ ಬಿದ್ಲು," ಎಂದ ಭಾವ. ಗೋಡೆಗೆ ಹೇಳಿದ ಹಾಗಿತ್ತು.

ತಂಗಿ ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಏನು ಮಾಡಿಬಿಡುತ್ತೇನೋ ಎಂಬ ಭಯ ಅವಳಿಗೇ ಇತ್ತು. ಪರದೆಯನ್ನೇ ನೋಡುತ್ತ ನಿಂತಳು. ಅಕ್ಕನ ಮುಖದಿಂದ ಕಣ್ಣು ಕೀಳಲಾಗಲಿಲ್ಲ.

"ಯಾರು ತೆಗೆದಿದ್ದು ಇದನ್ನ?" ಮೇಡಂ ತಮಗೆ ತಾವೇ ಕೇಳಿಕೊಂಡರು. "ಕೈ ಎರಡೂ ಮಡಿಲಲ್ಲಿವೆ. ಎದುರಿಗೆ ಯಾರೋ ನಿಂತು ತೆಗೆದಿದ್ದಾರೆ."

ಫೋಟೋ ದೊಡ್ಡದು ಮಾಡಿದರು. ಮುಖ ಪರದೆ ತುಂಬಿತು. ಕನ್ನಡಕ ತುಂಬಿತು. ಬಲಗಣ್ಣಿನ ಗಾಜೊಂದೇ ತುಂಬಿತು. ಪ್ರೊಫೈಲಿನಲ್ಲಿ ಬೂದು ತೇಪೆಯಾಗಿದ್ದ ಆ ಗಾಜಿನೊಳಗೆ ಒಂದು ಕೋಣೆಯೇ ಇತ್ತು. ಬಾಗಿದ ಕಿಟಕಿ. ಕಿಟಕಿಯ ಬೆಳಕು. ಆ ಬೆಳಕಿನಲ್ಲಿ ಫೋನು ಎತ್ತಿ ಹಿಡಿದು ನಿಂತ ಒಬ್ಬ ಗಂಡಸು. ಫೋನು ಮುಖಕ್ಕೆ ಅಡ್ಡ ಬಂದಿತ್ತು. ಅಂಗಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮೈಯೆಲ್ಲ ಸಾದಾ ನೀಲಿ, ತೋಳೆರಡೂ ಚೌಕಳಿ.

"ಇದೆಂಥ ಅಂಗಿ?" ಎಂದರು ಮೇಡಂ. "ಎರಡು ಬಟ್ಟೆ ಸೇರಿಸಿ ಹೊಲಿದ ಹಾಗಿದೆ."

"ನೀಲಿ ಬಟ್ಟೆ ತೋಳಿಗೆ ಸಾಲಲಿಲ್ಲ," ಎಂದಳು ತಂಗಿ.

ಮೇಡಂ ನಿಧಾನವಾಗಿ ಅವಳ ಕಡೆ ನೋಡಿದರು.

"ಉಳಿದ ತುಂಡಿನಲ್ಲಿ ನಾನೇ ಹೊಲಿದಿದ್ದು. ಇಂಥದ್ದು ಇನ್ನೊಂದಿಲ್ಲ. ಸರ್ಕಸ್ಸಿನವನ ಹಾಗೆ ಕಾಣ್ತೀನಿ ಕಣೇ ಅಂತ ನಗ್ತಾನೇ ಹಾಕ್ಕೊಂಡಿದ್ರು." ಅವಳು ಗಲ್ಲಾದ ಅಂಚು ಹಿಡಿದುಕೊಂಡಳು. "ನಮ್ಮವರು, ಮೇಡಂ. ಇದು ನಮ್ಮ ಮನೆಯವರು."

ಭಾವ ಕುರ್ಚಿಯಲ್ಲಿ ಅಲುಗಲಿಲ್ಲ. ಈ ಸುದ್ದಿ ಅವನಿಗೆ ಹೊಸದೆಂಬಂತೆ ಕಾಣಲಿಲ್ಲ.

ಬಸ್ ನಿಲ್ದಾಣದಲ್ಲಿ ಗೋಂದಿನ ಡಬ್ಬಿ ಹಿಡಿದು ತನ್ನ ಪಕ್ಕದಲ್ಲಿ ನಿಂತಿದ್ದವನು, ಅಕ್ಕ ಎಲ್ಲಿದ್ದಾಳೆಂದು ಗೊತ್ತಿದ್ದೂ ಅವಳ ಫೋಟೋ ಅಂಟಿಸುತ್ತಿದ್ದನೇ? ತಾನು ರಾತ್ರಿಯೆಲ್ಲ ಹೊರಳಾಡುವಾಗ ಪಕ್ಕದಲ್ಲಿ ಮಲಗಿ ಸುಮ್ಮನಿದ್ದನೇ? ತಂಗಿಗೆ ಸಿಟ್ಟೂ ಸಮಾಧಾನವೂ ಒಟ್ಟಿಗೇ ಬಂದವು.

ಅವಳ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದಳು. ಪರದೆಯ ಮೇಲೆ ಗಂಡನ ನಂಬರು.

ಮೇಡಂ ತಲೆಯಾಡಿಸಿದರು. ತಂಗಿ ಫೋನು ಕಿವಿಗಿಟ್ಟಳು. ಬೈಯಬೇಕೆಂದು ಬಾಯಿ ತೆರೆದಳು.

"ಪುಟ್ಟೀ."

ಗಂಡನ ದನಿಯಲ್ಲ. ತಿಂಗಳಿನಿಂದ ಕೇಳದ ದನಿ. ಮುರಿದ ಹಲ್ಲಿನ ಸಂದಿಯಿಂದ ಗಾಳಿ ಸ್ವಲ್ಪ ಸೋರುತ್ತಿತ್ತು.

"ಅಕ್ಕಾ..."

"ಅಳಬೇಡ ಕಣೇ. ಬೈಯೋದಿದ್ರೆ ಆಮೇಲೆ ಬೈಯಿ, ನಿಂತು ಬೈಸ್ಕೊಳ್ತೀನಿ. ನಿನಗೆ ಹೇಳಬೇಡಿ ಅಂತ ಅವರ ಹತ್ರ ಆಣೆ ಹಾಕಿಸ್ಕೊಂಡಿದ್ದೂ ನಾನೇ. ನಿನಗೆ ಗೊತ್ತಾದ್ರೆ ನಿನ್ನ ಭಾವ ನಿನ್ನ ಮುಖ ನೋಡೇ ಪತ್ತೆ ಹಚ್ತಿದ್ರು. ಈಗ ಹೇಳು, ನಿನ್ನ ಯಜಮಾನ್ರು ನಿನ್ನ ಜೊತೆ ಇದ್ದಾರಾ?"

"ಅವರ ಫೋನು ನಿನ್ನ ಕೈಲಿದೆ, ನನ್ನ ಕೇಳ್ತೀಯಲ್ಲೇ!"

ಆ ಕಡೆ ಒಂದು ಉಸಿರು ಎಳೆದುಕೊಂಡ ಸದ್ದು.

"ನನ್ನ ಫೋನು ಆರಿಸಿಟ್ಟಿದ್ದೀನಲ್ಲ ಅಂತ ಅವರದ್ದು ಇಲ್ಲೇ ಬಿಟ್ಟು ಹೋದ್ರು, ಬೆಳಿಗ್ಗೆ. ಪ್ರೊಫೈಲಿನ ಫೋಟೋ ನೋಡಿದಾಗಿನಿಂದ ಕುದೀತಿದ್ರು. 'ನಾನು ತೆಗೆದ ಫೋಟೋನ ಅವರು ಹೇಗೆ ನಗು ಮಾಡಿದ್ರು, ಕೇಳ್ಕೊಂಡೇ ಬರ್ತೀನಿ' ಅಂದ್ರು. ಬೇಡ, ಪೊಲೀಸರ ಹತ್ರಾನೇ ಹೋಗೋಣ ಅಂದೆ. ಎದುರಿಗೆ ಕೂತು ಮಾತಾಡಿದ್ರೆ ಮುಗಿಯುತ್ತೆ ಅಂದ್ರು. ಹೋದೋರು ಇನ್ನೂ ಬಂದಿಲ್ಲ ಪುಟ್ಟಿ."

"ಎಲ್ಲಿಗೆ ಹೋದ್ರು?"

"ನಿನ್ನ ಭಾವನ ಅಂಗಡಿಗೆ."

ತಂಗಿ ಫೋನನ್ನು ಕಿವಿಯಿಂದ ಇಳಿಸಿದಳು. ಅಕ್ಕ "ನೀನೆಲ್ಲಿದ್ದೀಯ? ಪುಟ್ಟೀ, ಎಲ್ಲಿದ್ದೀಯ ಹೇಳು" ಎನ್ನುತ್ತಿದ್ದುದು ಅಂಗಡಿಯಲ್ಲಿ ಎಲ್ಲರಿಗೂ ತೆಳ್ಳಗೆ ಕೇಳುತ್ತಿತ್ತು.

ಮೇಡಂ ಸ್ಟೂಲಿನಿಂದ ಎದ್ದು ತಂಗಿಗೂ ಭಾವನಿಗೂ ನಡುವೆ ಬಂದು ನಿಂತರು.

"ಭಾವ," ಎಂದಳು ತಂಗಿ. "ನಮ್ಮವರು ಬೆಳಿಗ್ಗೆ ಇಲ್ಲಿಗೆ ಬಂದಿದ್ರಾ?"

ಭಾವ ಮೇಜಿನ ಮೇಲಿದ್ದ ಕನ್ನಡಕ ತೆಗೆದು ಹಾಕಿಕೊಂಡ. ಎರಡೂ ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡಿಕೊಂಡ.

"ಬಂದಿದ್ದ," ಎಂದ, ಹಿಂದಿನ ಕಣ್ಣು ಪರೀಕ್ಷೆಯ ಕೋಣೆಯ ಕಡೆ ಒಮ್ಮೆ ನೋಡಿ. "ಇನ್ನೂ ಹೋಗಿಲ್ಲ."

ಎದ್ದು, ಅವಸರವಿಲ್ಲದೆ ಅವರಿಬ್ಬರನ್ನೂ ದಾಟಿ ಬಾಗಿಲವರೆಗೆ ನಡೆದು, ಅಂಗಡಿಯ ಶಟರನ್ನು ಒಳಗಿನಿಂದ ನೆಲದವರೆಗೆ ಎಳೆದ.